ಕಾಳಿಗೆ ಕಿವಿ ಕೇಳದು

(ಭಾನುವಾರ ಬೆಳಗಿನ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತು. ಬರಹದಲ್ಲಿ ಬೇಕೆಂದು ಹಲವು ಕೇಳುಗರು ಫೋನ್ ಮಾಡಿದ್ದರಿಂದ ಇಲ್ಲಿ ಪೂರ್ತಿಯಾಗಿ ಕೊಟ್ಟಿದ್ದೇವೆ.)



ಹೋದ ತಿಂಗಳು ಅಂಬತ್ತೂರಿನ ಕೇಳುಗರೊಬ್ಬರು ನಿಲಯಕ್ಕೆ ಒಂದು ಪತ್ರ ಬರೆದಿದ್ದರು. ಹಾಡು ಕೇಳಿ ಬರೆದ ಪತ್ರವಲ್ಲ. ಅವರ ಯಜಮಾನರಿಗೆ ರಾತ್ರಿ ಪಾಳಿಯ ಕೆಲಸ. ಮನೆಯಲ್ಲಿ ಇವರು, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಬೀದಿಯ ಕೊನೆಯ ಮನೆ, ಪಕ್ಕದಲ್ಲಿ ಖಾಲಿ ಸೈಟು. "ಕಾವಲಿಗೆ ಒಂದು ದೊಡ್ಡ ನಾಯಿ ಸಾಕೋಣ ಅಂತಿದ್ದೇವೆ. ನಿಮ್ಮ ಮನೆಯಲ್ಲಿ ರಾಜಪಾಳಯಂ ನಾಯಿ ಇದೆ ಅಂತ ಒಂದು ಸಲ ಹೇಳಿದ್ದಿರಿ. ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆಯೇ? ತಂದರೆ ಯಾವುದನ್ನು ತರೋಣ?" ಎಂದು ಕೇಳಿದ್ದರು. ಎರಡು ಸಾಲಿನಲ್ಲಿ ಉತ್ತರ ಬರೆದು ಹಾಕೋಣವೆಂದು ಕುಳಿತೆ. ಎರಡು ಸಾಲಿಗೆ ಅದು ಬರಲಿಲ್ಲ. ಆದ್ದರಿಂದ ಈ ಭಾನುವಾರ ಪುರವಣಿಯ ಹಾಡು ಎರಡು ಕಡಿಮೆ ಮಾಡಿ ಈ ಮಾತು.

ನಮ್ಮ ಮನೆ ಮಡಿಪಾಕ್ಕದಲ್ಲಿ. ಕೆಳಗೆ ನಾವು, ಮೇಲೆ ಮನೆಯ ಮಾಲೀಕರು. ಸುತ್ತ ಪುಟ್ಟದೊಂದು ಕಾಂಪೌಂಡು, ಒಂದು ತೆಂಗಿನ ಮರ, ಒಂದು ಬಾವಿ. ನಮ್ಮ ಯಜಮಾನರು, ನಾನು, ಮಗ ಮತ್ತು ನಮ್ಮ ಅತ್ತೆಯವರು. 2021ರಲ್ಲಿ ಲಾಕ್‌ಡೌನ್ ಸಡಿಲವಾದ ಸಮಯದಲ್ಲಿ ನಮ್ಮ ಬೀದಿಯಲ್ಲಿ ಎರಡು ಮನೆ ಕಳ್ಳತನವಾಯಿತು. ನನಗೆ ಬೆಳಗಿನ ಪ್ರಸಾರವಿದ್ದ ದಿನ ನಾಲ್ಕು ಗಂಟೆಗೇ ಮನೆ ಬಿಡಬೇಕು. ಆಗಲೇ ನಾಯಿಯ ಮಾತು ಬಂತು.

ಯಜಮಾನರಿಗೆ ಮುಧೋಳ ಬೇಕಿತ್ತು. ಊರಿನ ಅಭಿಮಾನ. ಬಾಗಲಕೋಟೆ ಕಡೆಯ ನನ್ನ ಗೆಳತಿಯೊಬ್ಬಳನ್ನು ಕೇಳಿದರೆ "ಅದಕ್ಕ ಓಡಾಕ ಹೊಲ ಬೇಕವ್ವಾ, ನಿಮ್ಮ ಮನಿ ಅಂಗಳ ಅದಕ್ಕ ನಾಕು ಹೆಜ್ಜಿ ಆಗ್ತೈತಿ" ಅಂದಳು. ಮುಧೋಳವನ್ನು ಅಲ್ಲಿಗೆ ಬಿಟ್ಟೆವು. ಮತ್ತೆ ರಾಟ್‌ವೈಲರ್ ಎಂದರು, ಜರ್ಮನ್ ಶೆಫರ್ಡ್ ಎಂದರು. ಸೇಂಟ್ ಬರ್ನಾರ್ಡ್ ಸಾಕಿದವರ ಮನೆಯೊಂದನ್ನು ನೋಡಿಬಂದೆವು. ಆಲ್ಪ್ಸ್ ಪರ್ವತದ ಹಿಮದಲ್ಲಿ ಓಡಾಡಬೇಕಾದ ಜೀವ ಮೇ ತಿಂಗಳಿನ ಚೆನ್ನೈಯಲ್ಲಿ ಏ.ಸಿ. ಕೋಣೆಯೊಳಗೆ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿತ್ತು. ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಕಾರಿನಲ್ಲಿ ಕೂರಿಸಿಕೊಂಡು ಸುತ್ತುತ್ತೇವೆ ಎಂದರು.

ಕೊನೆಗೆ ಈ ನೆಲದ್ದೇ ಆಗಲಿ ಎಂದು ರಾಜಪಾಳಯಂ ಎಂದಾಯಿತು. ವಿರುದುನಗರ ಜಿಲ್ಲೆಯ ರಾಜಪಾಳಯಂ ಊರಿನ ಹೆಸರೇ ಈ ತಳಿಗೆ. ಪಾಳೆಯಗಾರರ ಕಾಲದಿಂದ ಬೇಟೆಗೂ ಕಾವಲಿಗೂ ಸಾಕಿಕೊಂಡು ಬಂದ ನಾಯಿ. ಎತ್ತರ ಎರಡೂಕಾಲು ಅಡಿಯ ಮೇಲೆ, ಉದ್ದ ಕಾಲು, ಕಿರಿದಾದ ಸೊಂಟ, ಹಾಲಿನಂಥ ಬಿಳುಪು, ಗುಲಾಬಿ ಮೂಗು, ಹೊಂಬಣ್ಣದ ಕಣ್ಣು. 2005ರ ಜನವರಿ 9ರಂದು ಅಂಚೆ ಇಲಾಖೆ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿ ತಂದಿತಲ್ಲ, ಅದರಲ್ಲಿ ಮುಧೋಳ, ರಾಂಪುರ, ಹಿಮಾಲಯದ ಕುರಿಕಾವಲು ನಾಯಿಗಳ ಜೊತೆಗೆ ನಾಲ್ಕನೆಯದು ಇದೇ.

ದಕ್ಷಿಣದ ಕಡೆಯ ಒಬ್ಬ ಮಾರಾಟಗಾರರಿಂದ ತಂದೆವು. ಊರು, ಹೆಸರು ಹೇಳುವುದಿಲ್ಲ. ಏಳು ಮರಿಗಳಲ್ಲಿ ಉಳಿದವು ಒಂದರ ಮೇಲೊಂದು ಬಿದ್ದು ಗಲಾಟೆ ಮಾಡುತ್ತಿದ್ದವು. ಒಂದು ಹೆಣ್ಣು ಮರಿ ಮಾತ್ರ ಮೂಲೆಯಲ್ಲಿ ನೆಮ್ಮದಿಯಾಗಿ ಮಲಗಿತ್ತು. ಅಪ್ಪಟ ಬಿಳುಪು, ಮೈಮೇಲೆ ಒಂದು ಚುಕ್ಕೆ ಇಲ್ಲ. "ಸಾಧು ಮರಿ, ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು" ಎಂದರು ಅವರು. ಅದನ್ನೇ ಎತ್ತಿಕೊಂಡು ಬಂದೆವು.

ಹೆಸರಿಡುವ ಹಕ್ಕು ನನ್ನದಾಯಿತು. ಕನ್ನಡ ಬಿ.ಎ. ಓದಿದವಳು ಮನೆಯಲ್ಲಿದ್ದರೆ ಹೀಗೆ ಕೆಲವು ತೊಂದರೆಗಳಿವೆ. ನಾನು "ಕಾಳಿ" ಎಂದೆ. ಹಾಲಿನಂಥ ನಾಯಿಗೆ ಕಾಳಿಯೇ ಎಂದು ಮೇಲಿನ ಮನೆಯ ಮಾಮಿ ಇವತ್ತಿಗೂ ನಗುತ್ತಾರೆ. ಆದರೆ ಕನ್ನಡ ನಾಡಿನ ಅತಿ ಪ್ರಸಿದ್ಧ ನಾಯಿಯ ಹೆಸರು ಅದೇ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅವನ ಜೊತೆಗೆ ಗಂಗರ ಇಮ್ಮಡಿ ಬೂತುಗ, ಇವರು ಚೋಳರ ಮೇಲೆ ಯುದ್ಧಕ್ಕೆ ಬಂದರು. ಆ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ. ಎಲ್ಲಿ ಗೊತ್ತೇ? ತಕ್ಕೋಲದಲ್ಲಿ. ನಮ್ಮ ಅರಕ್ಕೋಣದ ಹತ್ತಿರದ ತಕ್ಕೋಲಂ! ಇವತ್ತು ರಾಣಿಪೇಟೆ ಜಿಲ್ಲೆಗೆ ಸೇರಿದೆ. ಅರಕ್ಕೋಣ–ಚೆಂಗಲ್ಪಟ್ಟು ರೈಲಿನಲ್ಲಿ ಹೋದರೆ ಆ ಹೆಸರಿನ ಸ್ಟೇಷನ್ ಬರುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಏನು ಬೇಕು ಕೇಳು ಎಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕೆಳಲೆನಾಡಿನ ಒಂದು ಬೆಟ್ಟದ ಬುಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟುತ್ತದೆ ಎಂದೂ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋದಾಗ ನೋಡಿ ಬನ್ನಿ.

ತಮಿಳರಿಗೂ ಇಂಥ ಕಲ್ಲಿದೆ. ತಿರುವಣ್ಣಾಮಲೈ ಜಿಲ್ಲೆಯ ಚೆಂಗಂ ಸೀಮೆಯ ಎಡತ್ತನೂರಿನಲ್ಲಿ, ಪಲ್ಲವ ಮಹೇಂದ್ರವರ್ಮನ ಕಾಲದ್ದು, ಆತಕೂರಿಗಿಂತ ಮುನ್ನೂರು ವರ್ಷ ಹಳೆಯದು. ದನ ಹೊಡೆದೊಯ್ಯಲು ಬಂದ ಕಳ್ಳರನ್ನು ತಡೆದು ಒಡೆಯ ಸತ್ತಾಗ, ಅವನ ನಾಯಿ ಕೋವಿವನ್ ಕಳ್ಳರನ್ನು ಕಚ್ಚಿ ಅವನ ಪಕ್ಕದಲ್ಲೇ ನಿಂತಿತಂತೆ. ಮಾಮಿಗೆ ಇದನ್ನು ಹೇಳಿದ ಮೇಲೆ ನಗು ಸ್ವಲ್ಪ ಕಡಿಮೆಯಾಗಿದೆ.

ಇರಲಿ. ನಮ್ಮ ಕಾಳಿ ಬಂದಳು. ಬಂದವಳು ಕರೆದರೆ ಬರುತ್ತಿರಲಿಲ್ಲ. "ಕಾಳೀ" ಎಂದು ಮಗ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ. ಮುಖ ನೋಡಿದಾಗ ಮಾತ್ರ ಬಾಲ ಅಲ್ಲಾಡಿಸಿಕೊಂಡು ಓಡಿ ಬರುತ್ತಿದ್ದಳು. ರಾಜಪಾಳಯಂ ನಾಯಿಗೆ ಹಟ ಜಾಸ್ತಿ, ಒಬ್ಬ ಒಡೆಯನ ಮಾತು ಮಾತ್ರ ಕೇಳುತ್ತದೆ ಎಂದು ಯಾರೋ ಹೇಳಿದ್ದರು. ಅದೇ ಇರಬೇಕು ಎಂದುಕೊಂಡೆವು. ಯಜಮಾನರು ಒಂದೆರಡು ಸಲ ಗದರಿಸಿದರು, ಒಂದು ಸಲ ಮಡಚಿದ ಪೇಪರಿನಿಂದ ಹೊಡೆದರು ಕೂಡ. ಅದನ್ನು ನೆನೆದರೆ ಅವರಿಗೆ ಈಗಲೂ ಸಂಕಟವಾಗುತ್ತದೆ.

ಅವಳಿಗೆ ನಾಲ್ಕು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಅಡುಗೆಮನೆಯ ಅಟ್ಟದಿಂದ ಹಿತ್ತಾಳೆಯ ದೊಡ್ಡ ಪರಾತ ಜಾರಿ ಬಿತ್ತು. ಮೇಲಿನ ಮನೆಯ ಮಾಮಿ ಕೆಳಗೆ ಓಡಿ ಬಂದರು. ಬೀದಿಯ ನಾಯಿಗಳೆಲ್ಲ ಬೊಗಳಿದವು. ಕಾಳಿ ಹಾಲಿನ ಆ ತುದಿಯ ದಿವಾನದ ಮೇಲೆ ನಿದ್ದೆಯಲ್ಲಿದ್ದವಳು ಕಿವಿಯನ್ನೂ ಕದಲಿಸಲಿಲ್ಲ. ಅತ್ತೆ ಪರಾತ ಎತ್ತಿಕೊಳ್ಳದೆ ಹಾಗೇ ನಿಂತು ಅವಳನ್ನೇ ನೋಡಿದರು. ಆಮೇಲೆ ಒಂದು ಸೌಟು ತೆಗೆದುಕೊಂಡು ಹೋಗಿ, ಅವಳ ತಲೆಯ ಹಿಂದೆ ನಿಂತು ತಟ್ಟೆಗೆ ಬಡಿದರು. ಒಂದು ಸಲ, ಎರಡು ಸಲ. "ಇದಕ್ಕೆ ಕಿವಿ ಕೇಳಲ್ಲ ಕಣಮ್ಮ. ಇಷ್ಟು ದಿನ ನಾವು ಮಾಡಿದ್ದು ಕಿವುಡನ ಮುಂದೆ ಕಿನ್ನರಿ" ಎಂದರು.

ಪಶುವೈದ್ಯರು ನೋಡಿದರು. ಎರಡೂ ಕಿವಿ ಹುಟ್ಟಿನಿಂದಲೇ ಇಲ್ಲ ಎಂದರು. ಕಾರಣವನ್ನೂ ವಿವರಿಸಿದರು. ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳೇ ಒಳಕಿವಿಯಲ್ಲೂ ಇರುತ್ತವೆ; ಅಲ್ಲಿ ಅವಕ್ಕೆ ಬೇರೆ ಕೆಲಸ. ಅವಿಲ್ಲದಿದ್ದರೆ ಶಬ್ದ ಗ್ರಹಿಸುವ ಭಾಗ ಹುಟ್ಟಿದ ಕೆಲವೇ ವಾರಗಳಲ್ಲಿ ಸೊರಗಿ ಹೋಗುತ್ತದೆ. ಎಲ್ಲ ಬಿಳಿ ನಾಯಿಗೂ ಹೀಗಾಗುವುದಿಲ್ಲ, ಆದರೆ ಬಿಳುಪು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಅಮೆರಿಕದಲ್ಲಿ ಡಾಲ್ಮೇಷನ್ ನಾಯಿಗಳನ್ನು ಯಂತ್ರವಿಟ್ಟು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 30 ನಾಯಿಗಳಿಗೆ ಒಂದು ಕಿವಿಯೋ ಎರಡೂ ಕಿವಿಯೋ ಕೇಳದೆಂದು ಕಂಡುಬಂತಂತೆ. ರಾಜಪಾಳಯಂ ತಳಿಯಲ್ಲೂ ಈ ತೊಂದರೆ ಇದೆ ಎಂದು ಬಲ್ಲವರಿಗೆಲ್ಲ ಗೊತ್ತು.

ಈಗ ನೋಡಿ, ಈ ನಾಯಿಯ ಹೆಣಿಗೆಯಲ್ಲಿ ಚುಕ್ಕೆಯವು, ಕಂದು, ಕಪ್ಪು ಮರಿಗಳೂ ಹುಟ್ಟುತ್ತವೆ. ಹಿಂದೆ ಅವನ್ನು ಉಳಿಸುತ್ತಿರಲಿಲ್ಲ. ಬೇಕಾದದ್ದು ಹಾಲುಬಿಳುಪು, ಗುಲಾಬಿ ಮೂಗು. ಬಣ್ಣದ ಮರಿಯನ್ನು ಕೊಂದು ಬಿಳಿಯದನ್ನು ಉಳಿಸಿ, ಬಿಳಿಯದಕ್ಕೆ ಬಿಳಿಯದನ್ನೇ ಕೂಡಿಸಿ, ತಲೆಮಾರಿನಿಂದ ತಲೆಮಾರಿಗೆ ಕಿವುಡನ್ನೂ ಸೇರಿಸಿ ಸಾಕಿದ್ದೇವೆ. ಮಾರಿದವರನ್ನು ಬೈಯಬೇಕೆಂದು ಬಾಯಿ ತೆರೆದರೆ, ಏಳು ಮರಿಗಳಲ್ಲಿ ಒಂದು ಚುಕ್ಕೆಯೂ ಇಲ್ಲದ್ದನ್ನು ಆರಿಸಿದವಳು ನಾನೇ ಎನ್ನುವುದು ನೆನಪಾಗುತ್ತದೆ.

ಅವರಿಗೆ ಫೋನ್ ಮಾಡಿದೆವು. ಜಗಳವಾಡಲಿಲ್ಲ ಅವರು. "ತಂದುಬಿಡಿ, ಬೇರೆ ಮರಿ ಕೊಡ್ತೀನಿ" ಎಂದರು. "ಇದನ್ನೇನು ಮಾಡ್ತೀರಿ?" ಎಂದು ಯಜಮಾನರು ಕೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಅದೆಲ್ಲ ನಿಮಗ್ಯಾಕೆ ಸಾರ್" ಎಂದರು. ಯಜಮಾನರು ಫೋನ್ ಇಟ್ಟರು. ಅಲ್ಲಿಗೆ ಆ ವಿಷಯ ಮುಗಿಯಿತು ಎಂದುಕೊಂಡೆವು.

ಮುಗಿದಿರಲಿಲ್ಲ. ಕಾಳಿ ಬೆಳೆದಳು. ವರ್ಷ ತುಂಬುವ ಹೊತ್ತಿಗೆ ಇಪ್ಪತ್ತಾರು ಕಿಲೋ. ನಿಂತರೆ ಮಗನ ಎದೆಯ ಮಟ್ಟ. ಕಿವಿ ಕೇಳದಿದ್ದರೇನು, ಕಾವಲಿನ ಬುದ್ಧಿ ಅವಳಿಗೆ ರಕ್ತದಲ್ಲೇ ಇತ್ತು. ಗೇಟಿನ ಕೆಳಗೆ ನೆರಳಾಡಿದರೆ ಸಾಕು, ಎದ್ದು ನಿಲ್ಲುವಳು. ಹೊಸಬರು ಬಂದರೆ ಮಗನಿಗೂ ಅವರಿಗೂ ನಡುವೆ ಬಂದು ಅಡ್ಡ ನಿಲ್ಲುವಳು. ನಮಗೆ ಅದು ನೋಡಿ ಹೆಮ್ಮೆ. ಆ ಹೆಮ್ಮೆಯಲ್ಲಿ ಮಾಡಬೇಕಾದ ಕೆಲಸ ಮಾಡಲಿಲ್ಲ. ಕಿವಿ ಕೇಳದ ಜೀವಕ್ಕೆ ಹಿಂದಿನಿಂದ ಬಂದದ್ದು ಯಾವುದೂ ಗೊತ್ತಾಗುವುದಿಲ್ಲ ಎನ್ನುವುದನ್ನು ನಾವು ಮನೆಯವರು ಮಾತ್ರ ಅರಿತಿದ್ದೆವು. ಬಂದುಹೋಗುವವರಿಗೆ ಹೇಳಿರಲಿಲ್ಲ. ದೊಡ್ಡ ಕಾವಲು ನಾಯಿಗೆ ಕಿವಿ ಕೇಳುವುದಿಲ್ಲವೆಂದು ಬೀದಿಗೆ ಗೊತ್ತಾದರೆ ಕಾವಲಿನ ಬೆಲೆ ಏನಾಯಿತು ಎಂಬ ಲೆಕ್ಕಾಚಾರವೂ ನಮ್ಮಲ್ಲಿತ್ತು. ಮುಚ್ಚಿಡುವುದಿಲ್ಲ.

ನಮ್ಮ ಬೀದಿಯ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ತಾತ ಒಬ್ಬರಿದ್ದಾರೆ. ಕಾಳಿ ಮರಿಯಾಗಿದ್ದಾಗಿನಿಂದ ಅವಳಿಗೆ ಬಿಸ್ಕತ್ತು ಹಾಕಿದವರು. 2022ರ ಒಂದು ಸಂಜೆ ಬಟ್ಟೆಯ ಗಂಟು ತಂದು ವರಾಂಡದಲ್ಲಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಮಲಗಿದ್ದ ಕಾಳಿಯ ಬೆನ್ನನ್ನು ಪ್ರೀತಿಯಿಂದ ತಟ್ಟಿದರು. ಅವಳು ಬೆಚ್ಚಿ ತಿರುಗಿದ್ದು, ಹಲ್ಲು ಊರಿದ್ದು, ಮುಖ ನೋಡಿ ಗುರುತು ಹಿಡಿದು ಬಿಟ್ಟದ್ದು ಎಲ್ಲ ಒಂದೇ ಕ್ಷಣ. ತಾತನ ಮುಂಗೈಯಲ್ಲಿ ಮೂರು ಕಡೆ ಹಲ್ಲು ಇಳಿದಿತ್ತು. ನಾನು ಹೊರಗೆ ಬಂದಾಗ ಅವರು ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ಕಾಳಿ ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದಳು.

ನಲ್ಲಿಯ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದೆವು. ಇದನ್ನು ಎಲ್ಲರೂ ನೆನಪಿಡಿ: ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ, ಹರಿಯುವ ನೀರು ಮತ್ತು ಸೋಪು, ಆಮೇಲೆ ನೇರ ಆಸ್ಪತ್ರೆ. ಕಾಳಿಗೆ ರೇಬಿಸ್ ಲಸಿಕೆ ಹಾಕಿಸಿದ್ದೆವು. ಆದರೂ ತಾತನಿಗೆ ಇಂಜೆಕ್ಷನ್ ತಪ್ಪುವಂತಿಲ್ಲ. ಆ ದಿನ, 3ನೇ ದಿನ, 7ನೇ ದಿನ, 28ನೇ ದಿನ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ಆದ್ದರಿಂದ ಒಂದು ದಿನವನ್ನೂ ಬಿಡುವಂತಿಲ್ಲ. ನಾಲ್ಕು ಸಲವೂ ಯಜಮಾನರು ರಜೆ ಹಾಕಿ ಅವರನ್ನು ಕರೆದುಕೊಂಡು ಹೋದರು. ಬಲಗೈ ಅದು. ಹತ್ತು ದಿನ ಇಸ್ತ್ರಿಪೆಟ್ಟಿಗೆ ಎತ್ತಲು ಆಗಲಿಲ್ಲ. ಆ ದಿನಗಳ ದುಡಿಮೆ ಕೊಟ್ಟೆವು. ಅವರು ಬೇಡ ಎಂದರು, ಬಲವಂತ ಮಾಡಿದೆವು. "ಪಾವಮ್ಮಾ ಅದು, ಬೆಚ್ಚಿಬಿಡ್ತು ಅಷ್ಟೇ" ಎಂದು ಆ ಮನುಷ್ಯ ನಮಗೇ ಸಮಾಧಾನ ಹೇಳಿದರು. ಅವರು ಪೊಲೀಸ್ ಠಾಣೆಗೆ ಹೋಗಿದ್ದರೆ ಯಾರೂ ಅವರದು ತಪ್ಪು ಎನ್ನುವಂತಿರಲಿಲ್ಲ. ಕಚ್ಚಿದ್ದು ಕಾಳಿ, ತಪ್ಪು ನಮ್ಮದು.

ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾನು ಕಳಿಸಿಬಿಡೋಣ ಎಂದೆ. ಹೌದು, ನಾನೇ. ಮಗನಿಗೆ ಐದು ವರ್ಷ. ಇವತ್ತು ತಾತನ ಕೈ, ನಾಳೆ ನಿದ್ದೆಯಲ್ಲಿ ಇವನು ಅವಳ ಮೇಲೆ ಬಿದ್ದರೆ? ಹೊಸೂರಿನ ಹತ್ತಿರ ನಮ್ಮ ಸಂಬಂಧಿಕರ ತೋಟವಿದೆ, ಅಲ್ಲಿ ಇರಲಿ ಎಂದೆ. ಯಜಮಾನರು ಮಾತಾಡಲಿಲ್ಲ. ಅತ್ತೆ ಇಷ್ಟು ಹೊತ್ತು ಸುಮ್ಮನಿದ್ದವರು, "ನನಗೂ ಎರಡು ವರ್ಷದಿಂದ ಎಡಗಿವಿ ಮಂದ. ಹಿಂದಿನಿಂದ ಬಂದು ಮುಟ್ಟಿದರೆ ನಾನೂ ಬೆಚ್ಚಿಬೀಳ್ತೀನಿ. ನನ್ನನ್ನೂ ಹೊಸೂರಿಗೆ ಕಳಿಸ್ತೀಯೇನಮ್ಮ?" ಎಂದು ಕೇಳಿದರು. ನನಗೆ ನಗು ಬಂತು, ಅಳುವೂ ಬಂತು. ಆದರೆ ಒಂದು ಮಾತು ಹೇಳಬೇಕು: ನನ್ನ ಭಯ ತಪ್ಪಲ್ಲ. ಅಂಥ ಭಯದಿಂದ ನಾಯಿಯನ್ನು ಒಳ್ಳೆಯ ಜಾಗಕ್ಕೆ ಒಪ್ಪಿಸಿದವರನ್ನು ನಾನು ಇವತ್ತಿಗೂ ದೂರುವುದಿಲ್ಲ. ನಾವು ಮೂರು ತಿಂಗಳು ನೋಡೋಣ ಎಂದು ಒಪ್ಪಿಕೊಂಡೆವು. ಮೂರು ತಿಂಗಳೂ ಮಗ ಮತ್ತು ಕಾಳಿ ದೊಡ್ಡವರಿಲ್ಲದೆ ಒಂದು ಕೋಣೆಯಲ್ಲಿ ಇರಕೂಡದು.

ಆ ಮೂರು ತಿಂಗಳಲ್ಲಿ ಕಲಿತದ್ದು ಅವಳಲ್ಲ, ಹೆಚ್ಚಾಗಿ ನಾವು. ಮೊದಲು ಅವಳ ಹಾಸಿಗೆಯ ಜಾಗ ಬದಲಾಯಿಸಿದೆವು. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಆಮೇಲೆ ಎಬ್ಬಿಸುವ ಕ್ರಮ. ಮುಟ್ಟುವುದಕ್ಕೆ ಮುಂಚೆ ನೆಲಕ್ಕೆ ಕಾಲು ಬಡಿಯಬೇಕು. ಅದುರು ಅವಳಿಗೆ ಮೈಯಲ್ಲಿ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಅಂಗೈಯನ್ನು ಮೂಗಿನ ಹತ್ತಿರ ಹಿಡಿಯಬೇಕು. ವಾಸನೆಗೆ ಕಣ್ಣು ತೆರೆಯುತ್ತಾಳೆ. ಅದರ ಜೊತೆಗೆ ವೈದ್ಯರು ಹೇಳಿದ ಒಂದು ಅಭ್ಯಾಸ. ದಿನಕ್ಕೆ ಹತ್ತಾರು ಸಲ, ಅವಳು ಎಚ್ಚರವಿದ್ದಾಗ, ಹಿಂದಿನಿಂದ ಹೋಗಿ ಭುಜದ ಒಂದೇ ಜಾಗದಲ್ಲಿ ಎರಡು ಬೆರಳಿನಿಂದ ಮೆಲ್ಲಗೆ ತಟ್ಟುವುದು, ತಿರುಗಿದ ತಕ್ಷಣ ಬಾಯಿಗೆ ಬೇಯಿಸಿದ ಕೋಳಿಯ ಒಂದು ಚೂರು. ತಟ್ಟು, ಚೂರು. ತಟ್ಟು, ಚೂರು. ಹಿಂದಿನಿಂದ ಬಂದ ಕೈ ಅಂದರೆ ತಿಂಡಿ ಎಂದು ಅವಳ ಮೈಗೆ ಅಭ್ಯಾಸವಾಗಬೇಕು. ನಾವು ಮಾಂಸ ತಿನ್ನದ ಮನೆಯವರು. ಕೋಳಿಯ ಚೂರು ಬೇಯಿಸಲು ಹಿತ್ತಿಲಲ್ಲಿ ಬೇರೆ ಸ್ಟೌ, ಬೇರೆ ಪಾತ್ರೆ ಬಂತು. ಅದನ್ನು ಬೇಯಿಸುವವರು ಯಾರು ಅಂತೀರಿ? ಏಕಾದಶಿಯನ್ನು ತಪ್ಪಿಸದ ನಮ್ಮ ಅತ್ತೆ, ಮೂಗಿಗೆ ಸೆರಗು ಕಟ್ಟಿಕೊಂಡು.

ಸನ್ನೆಗಳನ್ನು ಮಗನೇ ಗೊತ್ತುಮಾಡಿದ. ಅಂಗೈ ಕೆಳಗೆ ಮಾಡಿದರೆ ಕೂರು. ಎದೆ ತಟ್ಟಿಕೊಂಡರೆ ಬಾ. ಹೆಬ್ಬೆರಳು ಎತ್ತಿದರೆ ಭೇಷ್. ಎರಡೂ ಕೈ ಬಿಡಿಸಿ ತೋರಿಸಿದರೆ ಮುಗಿಯಿತು, ಇನ್ನಿಲ್ಲ. ಹಗ್ಗದಲ್ಲಿ ಕಟ್ಟಿಡುವುದಿಲ್ಲ, ಆದರೆ ಗೇಟಿಗೆ ಎರಡು ಚಿಲಕ, ನಡುವೆ ಒಂದು ಪುಟ್ಟ ಅಡ್ಡಗೇಟು. ಹೊರಗೆ ಹೋದರೆ ಬೆಲ್ಟು ಬಿಚ್ಚುವ ಮಾತೇ ಇಲ್ಲ. ಓಡಿಹೋದರೆ ಕೂಗಿ ಕರೆಯಲು ಆಗುವುದಿಲ್ಲ, ಹಾರ್ನ್ ಅವಳಿಗೆ ಕೇಳುವುದಿಲ್ಲ. ಕತ್ತಿನ ಪಟ್ಟಿಯ ಮೇಲೆ, ಗೇಟಿನ ಮೇಲೆ ತಮಿಳಿನಲ್ಲಿ ಬರೆಸಿದ್ದೇವೆ: ಕಿವಿ ಕೇಳದು, ಹಿಂದಿನಿಂದ ಮುಟ್ಟಬೇಡಿ. ಬೀದಿಗೆಲ್ಲ ಗೊತ್ತಾಗಲಿ.

"ಹಾಗಾದರೆ ಕಾವಲು?" ಎಂದು ಅಂಬತ್ತೂರಿನ ನಮ್ಮ ಕೇಳುಗರು ಕೇಳಬಹುದು. ಹಗಲು ಹೊತ್ತಿನಲ್ಲಿ ಇವಳಿರುವ ಗೇಟನ್ನು ತೆರೆಯಲು ಯಾರಿಗೂ ಧೈರ್ಯವಿಲ್ಲ. ರಾತ್ರಿ ಇವಳು ಗಾಢ ನಿದ್ದೆ ಮಾಡುತ್ತಾಳೆ, ಗೇಟಿಗೆ ಬೀಗ ಹಾಕಿದೆಯೇ ಎಂದು ಎದ್ದು ನೋಡುವವರು ನಾವು. ದೀಪಾವಳಿಯ ರಾತ್ರಿ ಇಡೀ ಮಡಿಪಾಕ್ಕದ ನಾಯಿಗಳು ಮಂಚದ ಕೆಳಗೆ, ಕಾರಿನ ಕೆಳಗೆ ಅಡಗಿ ನಡುಗುವಾಗ ಇವಳು ಹಾಲಿನ ಮಧ್ಯೆ ಕಾಲು ಚಾಚಿ ಮಲಗಿರುತ್ತಾಳೆ. ನಮ್ಮ ಮನೆಯಲ್ಲಿ ನನ್ನ ಕಾರ್ಯಕ್ರಮ ಕೇಳದ ಸದಸ್ಯೆ ಇವಳೊಬ್ಬಳೇ ಎನ್ನುವಂತಿಲ್ಲ, ಯಜಮಾನರೂ ಕೇಳುವುದಿಲ್ಲ. ಇವಳಿಗೆ ಕಾರಣವಾದರೂ ಇದೆ.

2023ರ ಡಿಸೆಂಬರ್ 4ರ ಮಿಚಾಂಗ್ ಚಂಡಮಾರುತ ನಿಮಗೆಲ್ಲ ನೆನಪಿದೆ. ನಮ್ಮ ಕಡೆ ಕರೆಂಟಿಲ್ಲ. ಬೆಳಗಿನ ಜಾವ ಯಾರೋ ನನ್ನ ಕಾಲನ್ನು ಮೂಗಿನಿಂದ ಒತ್ತುತ್ತಿದ್ದಾರೆ. ಕಾಳಿ. ಟಾರ್ಚ್ ಹಾಕಿದರೆ ಹಾಲಿನಲ್ಲಿ ಪಾದ ಮುಳುಗುವಷ್ಟು ನೀರು. ಅವಳ ಹಾಸಿಗೆ ನೆನೆದು ಎದ್ದು ಬಂದಿದ್ದಳು, ಅಷ್ಟೇ. ಇದಕ್ಕೆ ಆತಕೂರಿನ ಕಲ್ಲು ನಿಲ್ಲಿಸಬೇಕಾಗಿಲ್ಲ. ಆದರೆ ಮೇಲಿನ ಮನೆಗೆ ಹೋಗಲು ಆ ಕತ್ತಲಲ್ಲಿ ಅವಳಿಗೆ ಸನ್ನೆ ಕಾಣುವುದಿಲ್ಲ, ಕೂಗಿದರೆ ಕೇಳುವುದಿಲ್ಲ. ಮೆಟ್ಟಿಲ ಬುಡದಲ್ಲಿ ಹೆದರಿ ನಿಂತುಬಿಟ್ಟಳು. ಮಗ ಟಾರ್ಚನ್ನು ತನ್ನ ಕೈಯ ಮೇಲೆ ಬೆಳಕು ಬೀಳುವಂತೆ ಹಿಡಿದು ಎದೆ ತಟ್ಟಿಕೊಂಡ. ಮೇಲೆ ಬಂದಳು. ಎರಡು ದಿನ ನಾವು ಐವರೂ ಮಾಮಿಯ ಮನೆಯಲ್ಲಿದ್ದೆವು. ಅಂದಿನಿಂದ ಮಾಮಿಯೂ ಸನ್ನೆ ಕಲಿತಿದ್ದಾರೆ. "ಮುಗಿಯಿತು, ಇನ್ನಿಲ್ಲ" ಎನ್ನುವ ಸನ್ನೆಯನ್ನು ಮಾತ್ರ ಬಳಸುವುದಿಲ್ಲ. ಅದಕ್ಕೇ ಕಾಳಿ ಈಗ ಮೂವತ್ತು ಕಿಲೋ.

ಇನ್ನು ಈ ಊರಿನ ಮಾತು. 2024ರ ಮೇ ತಿಂಗಳಲ್ಲಿ ತೌಸಂಡ್ ಲೈಟ್ಸ್ ಕಡೆಯ ಪಾಲಿಕೆ ಪಾರ್ಕಿನಲ್ಲಿ ಎರಡು ರಾಟ್‌ವೈಲರ್ ನಾಯಿಗಳು ಐದು ವರ್ಷದ ಮಗುವಿನ ಮೇಲೆ ಬಿದ್ದದ್ದನ್ನು ನಾವು ಸುದ್ದಿಯಲ್ಲಿ ಓದಿದೆವು. ಆ ಮಗು ಪಾರ್ಕು ಕಾಯುವವರ ಮಗು, ಆಟವಾಡುತ್ತಿತ್ತು. ಆ ಸುದ್ದಿ ಕೇಳಿದ ದಿನ ನಾನು ಕಾಳಿಯನ್ನು ಬೀದಿಗೆ ಕರೆದೊಯ್ಯಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. ನಮ್ಮ ಚೆನ್ನೈ ಪಾಲಿಕೆ 2025ರ ಡಿಸೆಂಬರಿನಲ್ಲಿ ಪಿಟ್‌ಬುಲ್, ರಾಟ್‌ವೈಲರ್ ಎರಡಕ್ಕೂ ಹೊಸ ಲೈಸೆನ್ಸ್ ಇಲ್ಲ ಎಂದು ತೀರ್ಮಾನಿಸಿತು. ಉಳಿದ ನಾಯಿಗಳಿಗೆ ಲೈಸೆನ್ಸು, ರೇಬಿಸ್ ಲಸಿಕೆಯ ಚೀಟಿ, ಮೈಕ್ರೋಚಿಪ್ಪು, ಹೊರಗೆ ಹೋದರೆ ಬೆಲ್ಟು. ತಳಿ ನಿಷೇಧಿಸಿದರೆ ಸರಿಹೋಗುತ್ತದೆಯೇ ಎಂದು ನನ್ನನ್ನು ಕೇಳಿದರೆ, ನಮ್ಮ ಮನೆಯಲ್ಲಿ ಕಚ್ಚಿದ್ದು ಯಾವ ಪಟ್ಟಿಯಲ್ಲೂ ಇಲ್ಲದ ನಾಯಿ. ಅಷ್ಟು ಮಾತ್ರ ನನಗೆ ಗೊತ್ತು. ಕಾಳಿ ಹೊರಗೆ ಹೋಗುವಾಗ ಬಾಯಿಗೆ ಕುಕ್ಕೆ ಹಾಕುತ್ತೇವೆ. ಅವಳಿಗೆ ಅದು ಇಷ್ಟವಿಲ್ಲ. ಎದುರಿನಿಂದ ಬರುವ ಮಗುವಿನ ತಾಯಿಗೆ ಇಷ್ಟ.

ಈಗ ಅಂಬತ್ತೂರಿಗೆ ಉತ್ತರ. ಅಮ್ಮಾ, ತಳಿ ಯಾವುದು ಎನ್ನುವುದಕ್ಕಿಂತ ಮುಂಚೆ, ದಿನಕ್ಕೆ ಎರಡು ಸಲ, ಬಿಸಿಲೇರುವ ಮುಂಚೆ ಮತ್ತು ರಸ್ತೆ ತಣ್ಣಗಾದ ಮೇಲೆ, ಅದನ್ನು ನಡೆಸುವವರು ಯಾರು ಎಂದು ಮನೆಯಲ್ಲಿ ಮಾತಾಡಿಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಬಂದ ನಿಮ್ಮ ಯಜಮಾನರೇ? ತಾಯಿಯವರೇ? ಟಾರು ರಸ್ತೆಗೆ ಅಂಗೈ ಹಿಂಭಾಗ ಇಟ್ಟು ಹತ್ತು ಎಣಿಸುವವರೆಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಊಟ, ವೈದ್ಯರು, ಲಸಿಕೆ ಎಲ್ಲ ಸೇರಿ ನಮಗೆ ತಿಂಗಳಿಗೆ ಆರು ಸಾವಿರದ ಮೇಲೆ ಆಗುತ್ತದೆ. ಮಕ್ಕಳಿಗೆ ನಾಯಿ ಹೊಂದಿಕೊಳ್ಳುತ್ತದೆಯೇ ಎಂದಿರಿ. ಮರಿ ಮೂರು ನಾಲ್ಕು ತಿಂಗಳಾಗುವುದರೊಳಗೆ ಹಾಲಿನವರು, ಪೇಪರಿನವರು, ಮುದುಕರು, ಅಳುವ ಮಗು, ಛತ್ರಿ ಹಿಡಿದವರು ಎಲ್ಲರನ್ನೂ ನೋಡಿ ಪಳಗಬೇಕು. ಕಾವಲು ನಾಯಿ ಎಂದು ಯಾರನ್ನೂ ತೋರಿಸದೆ ಕಟ್ಟಿ ಬೆಳೆಸಿದರೆ ಅದಕ್ಕೆ ಎಲ್ಲರೂ ಕಳ್ಳರೇ. ಬರೀ ಬೊಗಳಿ ಎಬ್ಬಿಸಲು ಒಂದು ಜೀವ ಸಾಕಾದರೆ ನಿಮ್ಮ ಬೀದಿಯಲ್ಲೇ ಹುಟ್ಟಿದ ಮರಿಯೊಂದು ಯಾವ ಜಂಬದ ತಳಿಗೂ ಕಡಿಮೆಯಿಲ್ಲ. ವೇಳಚೇರಿಯ ಬ್ಲೂ ಕ್ರಾಸ್‌ನಂಥ ಕಡೆ ವಿಚಾರಿಸಿ.

ಇಲ್ಲ, ದೊಡ್ಡದೇ ಬೇಕು, ಈ ನೆಲದ್ದೇ ಬೇಕು ಅಂದರೆ, ಪಶುಸಂಗೋಪನಾ ಇಲಾಖೆಯವರು 1980ರ ದಶಕದ ಆರಂಭದಲ್ಲಿ ಇದೇ ಚೆನ್ನೈಯ ಸೈದಾಪೇಟೆಯಲ್ಲಿ ರಾಜಪಾಳಯಂ, ಚಿಪ್ಪಿಪಾರೈ, ಕೊಂಬೈ ನಾಯಿಗಳಿಗೆಂದೇ ಒಂದು ಘಟಕ ತೆರೆದರು. ನಮಗೆ ಆಗ ಇದು ಗೊತ್ತಿರಲಿಲ್ಲ. ಮೊದಲು ಇಲಾಖೆಯಲ್ಲಿ ಕೇಳಿ ನೋಡಿ. ಕೊಂಬೈಯನ್ನೂ ನೋಡಿ. ತೇನಿ ಜಿಲ್ಲೆಯ ಕಂಬಂ ಕಣಿವೆಯ ನಾಯಿ ಅದು. ಕಂದು ಮೈ, ಕಪ್ಪು ಮೂತಿ. ಆ ಕಣಿವೆಯಲ್ಲಿ ಶತಮಾನಗಳಿಂದ ಮನೆಯಲ್ಲಿ ಕನ್ನಡ ಮಾತಾಡುತ್ತ ಬಂದ ಜನರಿದ್ದಾರೆ. ರಾಜಪಾಳಯಂ ಆದರೂ ಬಣ್ಣದ ಚುಕ್ಕೆ ಇರುವ ಮರಿಯನ್ನು ಕೇಳಿ ತೆಗೆದುಕೊಳ್ಳಿ. ಕೊಡುವವರು ಆಶ್ಚರ್ಯಪಡುತ್ತಾರೆ, ಪಡಲಿ. ಮೂಲೆಯಲ್ಲಿ ನೆಮ್ಮದಿಯಾಗಿ ಮಲಗಿದ ಮರಿಯನ್ನು ನೋಡಿ ಮರುಳಾಗಬೇಡಿ. ಉಳಿದ ಮರಿಗಳಿಂದ ಅದನ್ನು ಬೇರೆ ಮಾಡಿ, ಅದಕ್ಕೆ ಕಾಣದಂತೆ, ಗಾಳಿಯೂ ಅದುರೂ ತಾಕದಷ್ಟು ದೂರದಲ್ಲಿ ನಿಂತು, ಬೀಗದ ಕೈ ಗೊಂಚಲು ಅಲ್ಲಾಡಿಸಿ. ಎರಡೂ ಪಕ್ಕದಿಂದ. ಒಂದು ಕಿವಿ ಮಾತ್ರ ಕೇಳುವ ಮರಿ ಇದರಲ್ಲಿ ಸಿಕ್ಕಿಬೀಳದೆ ಹೋಗಬಹುದು, ಆದರೆ ಎರಡೂ ಕೇಳದ್ದು ಗೊತ್ತಾಗುತ್ತದೆ.

ಹಾಗೆ ಗೊತ್ತಾದ ಮರಿಯನ್ನು ಏನು ಮಾಡುವುದು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನೀವು ಬಿಟ್ಟುಬಂದರೆ ತಪ್ಪಿಲ್ಲ, ನಿಮಗೆ ಪುಟ್ಟ ಮಕ್ಕಳಿದ್ದಾರೆ. ಆದರೆ ನಮ್ಮ ನಿಲಯಕ್ಕೆ ಒಂದು ಫೋನ್ ಮಾಡಿ ಹೇಳಿ. ಅತ್ತೆಯವರನ್ನು ಕೇಳಿ ನೋಡುತ್ತೇನೆ.

ಮರಿ ನೋಡಲು ಹೋಗುವ ದಿನ ಭಾನುವಾರ ಮಧ್ಯಾಹ್ನವಾದರೆ ಈ ಪ್ರಸಾರ ಮುಗಿಸಿ ನಾನೂ ಬರುತ್ತೇನೆ. ಬೀಗದ ಕೈ ಗೊಂಚಲು ನಾನೇ ತರುತ್ತೇನೆ.